ಕಬಡ್ಡಿಯಾಗ ತಲಿಗಿ ಪೆಟ್ಟು ಬಿದ್ರ ಹೊರಗ ಕೂಡಿಸೋದು ಯಾವಾಗ, ವಾಪಸ್ ಇಳಿಸೋದು ಯಾವಾಗ?

ಅಂಕಣ_ಅಫಜಲಪುರ

ನಮಸ್ಕಾರ್ರಿ. 14ರಿಂದ 17 ವರ್ಷದ ಹುಡುಗರದೊಂದು, ಹುಡುಗಿಯರದೊಂದು ಕಬಡ್ಡಿ ತಂಡಕ್ಕ ತಾಲೀಮು ಕೊಡ್ತೀವಿ. ಮ್ಯಾಟ್ ಇಲ್ಲ, ಶಾಲಿ ಮೈದಾನದ ಎರಿ ಮಣ್ಣೇ ಅಂಕಣ. ಮೊಳಕಾಲು ಕೆತ್ತಿದ್ರ, ಬೆರಳು ಉಳುಕಿದ್ರ ಏನು ಮಾಡ್ಬೇಕಂತ ಎಲ್ರಿಗೂ ಗೊತ್ತದ. ತಲಿಗಿ ಬಿದ್ದಾಗ ಮಾತ್ರ ಒಬ್ಬೊಬ್ರು ಒಂದೊಂದು ಹೇಳ್ತಾರ. ಮಾರಿಗಿ ನೀರು ಹೊಡೀರಿ ಅಂತ ಒಬ್ರು, ಉಳ್ಳಾಗಡ್ಡಿ ಮೂಸಿಸ್ರಿ ಅಂತ ಒಬ್ರು, ರಾತ್ರಿ ಮಲಗಗೊಡಬ್ಯಾಡ್ರಿ ಅಂತ ಇನ್ನೊಬ್ರು. ಹುಡುಗ ಎದ್ದು ನಿಂತ ಅಂದ್ರ ಆತು, ಮುಂದಿನ ರೈಡಿಗಿ ಕಳಸ್ತಾರ.

ಕೇಳೋದು ಇಷ್ಟು. ಮೈದಾನದಾಗ ಡಾಕ್ಟರ್ ಇರಂಗಿಲ್ಲ, ಕಲಬುರಗಿ ಮುಟ್ಟಲಿಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಕು. ಹಂಗಿದ್ದಾಗ ಯಾವ ಗುರುತು ನೋಡಿ ಹೊರಗ ತೆಗೀಬೇಕು? ಸಿಟಿ ಸ್ಕ್ಯಾನ್ ನಾರ್ಮಲ್ ಬಂತಂದ್ರ ಮರುದಿನ ಆಡಿಸಬಹುದೇನು? ಎಷ್ಟು ದಿನ ಬಿಡಿಸಬೇಕು? ಇರೋ ರೊಕ್ಕದಾಗ ಹೆಡ್‌ಗಾರ್ಡ್ ತಗೊಳ್ಳೋದು ಛಲೋನೋ, ಅಂಕಣ ರಿಪೇರಿ ಛಲೋನೋ? ಗೊತ್ತಿದ್ದವ್ರು ಬಿಡಿಸಿ ಹೇಳ್ರಿ.

ಸೀಟಿ_ಸೇಡಂ

ಮೊದಲನೇ ಪ್ರಶ್ನಿಗೆ ಹೇಳ್ತೀನ್ರಿ. ಎಚ್ಚರ ತಪ್ಪಿದ್ರಷ್ಟೇ ಪೆಟ್ಟು ಅಂತ ತಿಳಕೊಂಡದ್ದೇ ಎಲ್ಲಾ ತಪ್ಪಿಗೂ ಮೂಲ. ಕನ್‌ಕಷನ್ (ಹೊಡ್ತಕ್ಕ ಮಿದುಳಿನ ಕೆಲಸ ಕೆಡೋದು) ಆದ 10 ಮಂದಿಯಾಗ ಹೆಚ್ಚಂದ್ರ ಒಬ್ಬರಿಗಷ್ಟೇ ಎಚ್ಚರ ತಪ್ತದ. ಉಳಿದವ್ರು ಎದ್ದು ನಿಂತಿರ್ತಾರ, ನಡೀತಿರ್ತಾರ, ಕೇಳಿದ್ರ ‘ಏನೂ ಆಗಿಲ್ಲ ಸರ್’ ಅಂತಾರ. ಅದಕ್ಕ ಅವ್ರ ಮಾತಿಗಿಂತ ಅವ್ರ ಕಣ್ಣು, ಕಾಲು ನೋಡ್ರಿ. ಬಿದ್ದಲ್ಲೇ ಎರಡು ಮೂರು ಸೆಕೆಂಡ್ ಅಲುಗದೆ ಇರೋದು, ಬೀಳೋವಾಗ ಕೈ ಊರದೆ ಹಂಗೇ ಬೀಳೋದು, ಎದ್ದ ಮ್ಯಾಲ ಕಾಲು ತಡವರಿಸೋದು, ತಲಿ ಹಿಡಕೊಳ್ಳೋದು, ಖಾಲಿ ನೋಟ, ತನ್ನ ಕಡಿ ಬಿಟ್ಟು ಎದುರಿನವ್ರ ಕಡಿ ನಡೆಯೋದು, ಕೇಳಿದ್ದೇ ಮತ್ತ ಮತ್ತ ಕೇಳೋದು. ಇದರಾಗ ಒಂದು ಕಂಡ್ರೂ ಆ ದಿನದ ಆಟ ಮುಗೀತು. ಅರ್ಧ ತಾಸು ಕೂಡಿಸಿ ನೋಡೋಣ ಅನ್ನೋದು ಬ್ಯಾಡ. ಒಂದಿಷ್ಟು ಲಕ್ಷಣ ತಾಸುಗಟ್ಟಲೆ ತಡಾ ಆಗಿ ಬರ್ತಾವ.

ಕಬಡ್ಡಿಯಾಗ ಒಂದು ವಿಶೇಷ ತೊಂದ್ರಿ ಅದ. ಫುಟ್ಬಾಲ್‌ನ್ಯಾಗ ಪೆಟ್ಟು ಬಿದ್ದವ ಮೈದಾನದಾಗೇ ಬಿದ್ದಿರ್ತಾನ, ಎಲ್ರಿಗೂ ಕಾಣ್ತಾನ. ನಮ್ಮಲ್ಲಿ ಹಿಡಿಸಿಕೊಂಡ ರೈಡರ್ ಔಟ್ ಆಗಿ ತಾನೇ ಎದ್ದು ಹೊರಗ ಹೋಗಿ ಕುಂಡ್ರತಾನ. ಅಂವ ಮಬ್ಬಾಗ್ಯಾನೋ, ಸೋತೆ ಅಂತ ತಲಿ ತಗ್ಗಿಸ್ಯಾನೋ ಯಾರಿಗೂ ತಿಳಿಯಂಗಿಲ್ಲ. ಅರ್ಧ ನಿಮಿಷದಾಗ ತಂಡಕ್ಕ ಪಾಯಿಂಟ್ ಬರ್ತದ, ರಿವೈವಲ್ ಅಂತ ಅದೇ ಹುಡುಗ ಒಳಗ ಓಡ್ತಾನ. ಇನ್ನೊಂದು ಕಡಿ, ರೈಡರ್ ಹಿಡಿದ ಖುಷಿಗೆ ನಾಲ್ಕು ಮಂದಿ ಮ್ಯಾಲ ಬಿದ್ದು ಕುಣೀತಾರ, ಎಲ್ರಕಿಂತ ಕೆಳಗ ಸಿಕ್ಕೊಂಡಿದ್ದ ಕಾರ್ನರ್ (ಮೂಲಿಗಿ ನಿಂತು ಹಿಡಿಯವ) ಕಡಿ ಯಾರೂ ನೋಡಂಗಿಲ್ಲ. ಆಂಕಲ್ ಹೋಲ್ಡಿಗೆ (ರೈಡರ್ ಕಾಲಿನ ಗಿಣ್ಣು ಹಿಡಿಯೋ ಪಟ್ಟು) ತಲಿ ಕೊಟ್ಟವ ಅವನೇ. ಅದಕ್ಕ ಬೆಂಚಿನ ಮ್ಯಾಲ ಒಬ್ಬರಿಗೆ ಇದೊಂದೇ ಕೆಲಸ ಹಚ್ರಿ: ಪ್ರತಿ ಹಿಡಿತ ಮುಗಿದ ಮ್ಯಾಲ ಚೆಂದಾಗಿ ಕೆಳಗಿನವ್ನ ಮಾರಿ ನೋಡೋದು, ಔಟ್ ಆಗಿ ಬಂದವ್ನ ಜೋಡಿ ಎರಡು ಮಾತು ಆಡೋದು. ಸ್ಕೋರ್ ಬರಿಯವ್ರಿಗೆ ಈ ಕೆಲಸ ಕೊಡಬ್ಯಾಡ್ರಿ, ಅವ್ರ ಕಣ್ಣು ಹಾಳ್ಯಾಗೇ ಇರ್ತದ.

ಕೇಳಬೇಕಾದ್ದು ಐದು ಪ್ರಶ್ನಿ. ಇದು ಯಾವ ಊರಿನ ಮೈದಾನ? ಈಗ ಮೊದಲ ಅರ್ಧಾನೋ ಎರಡನೇದೋ? ಕೊನೀ ಪಾಯಿಂಟ್ ಯಾರು ತಗೊಂಡ್ರು? ಹಿಂದಿನ ಪಂದ್ಯ ಯಾರ ಜೋಡಿ ಇತ್ತು? ಗೆದ್ದೇವೋ ಸೋತೇವೋ? ಇವು ಮ್ಯಾಡಾಕ್ಸ್ ಪ್ರಶ್ನೆಗಳು ಅಂತ ಜಗತ್ತಿನಾಗೆಲ್ಲ ಬಳಕಿಯಾಗ ಅವ, ನಮ್ಮ ಆಟಕ್ಕ ಹೊಂದಿಸಿದ್ದು ಇಷ್ಟೇ. ನಿನ್ನ ಹೆಸರೇನು, ಅಪ್ಪನ ಹೆಸರೇನು ಅಂತ ಕೇಳಿ ಉಪಯೋಗಿಲ್ಲ. ಅದು ಎಂಥಾ ಪೆಟ್ಟು ಬಿದ್ರೂ ಬಾಯಾಗ ಬರ್ತದ. ಒಂದು ಉತ್ತರ ತಪ್ಪಿದ್ರ ಹೊರಗ. ಐದೂ ಬರೋಬ್ಬರಿ ಹೇಳಿದ ಅಂದ್ರೂ ಒಳಗ ಬಿಡೋ ಪರವಾನಗಿ ಅಲ್ಲ. ಮ್ಯಾಲಿನ ಗುರುತು ಕಂಡಿತ್ತಂದ್ರ ಉತ್ತರ ಸರಿ ಇದ್ರೂ ಹೊರಗೇ.

ತಂಡಕ್ಕ ನಷ್ಟ ಆಗ್ತದ ಅನ್ನೋ ವಾದ ನಮ್ಮ ಆಟದಾಗ ನಡ್ಯಂಗಿಲ್ರಿ. ಏಳು ಮಂದಿ ಒಳಗ ಇದ್ರ ಐದು ಮಂದಿ ಹೊರಗ ತಯಾರ ಇರ್ತಾರ. ಜಾತ್ರಿ ಪಂದ್ಯಾವಳಿ ನಡಸೋರು ಪಾಂಪ್ಲೆಟ್‌ನ್ಯಾಗ ಒಂದು ಸಾಲು ಹಾಕಿದ್ರ ಜಗಳಾನೂ ಬರಂಗಿಲ್ಲ: ತಲಿಗಿ ಪೆಟ್ಟು ಬಿದ್ದ ಆಟಗಾರನ ಬದಲಿ ಯಾವಾಗ ಬೇಕಾದ್ರೂ ಇಳಿಸಬಹುದು, ಪೆಟ್ಟು ಬಿದ್ದವ ಆ ದಿನ ಮತ್ತ ಇಳಿಯಂಗಿಲ್ಲ. ಟೆಸ್ಟ್ ಕ್ರಿಕೆಟ್‌ನ್ಯಾಗ 2019ರಿಂದ ಈ ಪದ್ಧತಿ ಅದ. ಲಾರ್ಡ್ಸ್‌ನ್ಯಾಗ ಸ್ಟೀವ್ ಸ್ಮಿತ್ ಬದಲಿಗಿ ಲಬುಶೇನ್ ಬಂದಿದ್ದು ಹಂಗೇ.

ತುರ್ತುವಿಭಾಗ_ಬೀದರ

ಮೇಲಿನವರು ಹೇಳಿದ್ದು ಸರಿ. ಸಿಟಿ ಸ್ಕ್ಯಾನ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅಲ್ಲೇ.

ಮಿದುಳು ತಲೆಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಗಕ್ಕನೆ ನಿಂತಾಗ ಅಥವಾ ತಿರುಗಿದಾಗ ಒಳಗಿನ ಮಿದುಳು ಇನ್ನೂ ಚಲಿಸುತ್ತಿರುತ್ತದೆ, ನರತಂತುಗಳು ಎಳೆದಂತಾಗುತ್ತವೆ. ಜೀವಕೋಶದಿಂದ ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಮತ್ತೆ ಸರಿಪಡಿಸಲು ಕೋಶಕ್ಕೆ ಹೆಚ್ಚು ಗ್ಲೂಕೋಸ್ ಬೇಕು, ಆದರೆ ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಇದು ಕನ್‌ಕಷನ್. ಕೆಲಸ ಕೆಟ್ಟಿದೆ, ಆಕಾರ ಕೆಟ್ಟಿಲ್ಲ. ಸಿಟಿ ಯಂತ್ರ ತೋರಿಸುವುದು ಆಕಾರವನ್ನು: ಬುರುಡೆ ಒಡೆದಿದೆಯೇ, ರಕ್ತ ಸೋರಿದೆಯೇ ಎಂಬುದನ್ನು. ಹಾಗಾಗಿ ‘ಸಿಟಿ ನಾರ್ಮಲ್’ ಅಂದರೆ ಈಗ ಶಸ್ತ್ರಚಿಕಿತ್ಸೆ ಬೇಡ ಎಂದಷ್ಟೇ ಅರ್ಥ. ನಾಳೆ ಆಡಬಹುದು ಎಂದು ಆ ವರದಿ ಎಲ್ಲಿಯೂ ಹೇಳುವುದಿಲ್ಲ. ಎಲ್ಲ ಪೆಟ್ಟಿಗೂ ಸಿಟಿ ಬೇಕಿಲ್ಲ ಕೂಡ. ಮಕ್ಕಳಿಗೆ ಸುಮ್ಮನೆ ವಿಕಿರಣ ಏಕೆ?

ಆದರೆ ಇವುಗಳಲ್ಲಿ ಒಂದು ಕಂಡರೂ ಕಾಯದೆ 108ಕ್ಕೆ ಕರೆ ಮಾಡಿ: ಎಚ್ಚರ ತಪ್ಪಿದ್ದರೆ, ಫಿಟ್ಸ್ ಬಂದರೆ, ತಲೆನೋವು ಕಡಿಮೆಯಾಗದೆ ಏರುತ್ತಾ ಹೋದರೆ, ಒಂದಕ್ಕಿಂತ ಹೆಚ್ಚು ಸಲ ವಾಂತಿಯಾದರೆ, ಒಂದು ಎರಡಾಗಿ ಕಂಡರೆ, ಕೈಕಾಲಲ್ಲಿ ಶಕ್ತಿಗುಂದಿದರೆ ಅಥವಾ ಜುಮ್ಮೆಂದರೆ, ಕುತ್ತಿಗೆ ನೋವು ಎಂದರೆ, ಮಂಪರು ಹೆಚ್ಚುತ್ತಿದ್ದರೆ, ಸಿಟ್ಟು ಚಡಪಡಿಕೆ ಹೆಚ್ಚುತ್ತಿದ್ದರೆ, ಮೂಗಿನಿಂದ ಅಥವಾ ಕಿವಿಯಿಂದ ತಿಳಿನೀರು ಇಲ್ಲವೇ ರಕ್ತ ಬಂದರೆ.

ಕಣತಲೆಗೆ ಮೊಳಕಾಲು ತಾಗಿದ ಪೆಟ್ಟಿನ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಕಣ್ಣಿಗೂ ಕಿವಿಗೂ ನಡುವೆ ಬುರುಡೆ ತೆಳ್ಳಗಿದೆ, ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹಾಯುತ್ತದೆ. ಮೂಳೆ ಸೀಳಿ ಆ ನಾಳ ಹರಿದರೆ ಬುರುಡೆಗೂ ಮಿದುಳಿನ ಪೊರೆಗೂ ನಡುವೆ ರಕ್ತ ಶೇಖರವಾಗುತ್ತದೆ. ಶುರುವಿನಲ್ಲಿ ಹುಡುಗ ಚೆನ್ನಾಗಿಯೇ ಇರುತ್ತಾನೆ, ಊಟ ಮಾಡುತ್ತಾನೆ, ನಗುತ್ತಾನೆ. ಕೆಲವು ತಾಸುಗಳ ನಂತರ ತಲೆನೋವು, ವಾಂತಿ, ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು. ಸಮಯಕ್ಕೆ ಸರಿಯಾಗಿ ತೆರೆದು ರಕ್ತ ತೆಗೆದರೆ ಪೂರ್ತಿ ಗುಣವಾಗುವ ಕಾಯಿಲೆ ಇದು. ಬೆಳಗ್ಗೆ ನೋಡೋಣ ಎಂದರೆ ಪ್ರಾಣ ಹೋಗುತ್ತದೆ. ನಡುವೆ ಚೆನ್ನಾಗಿ ಇದ್ದ ಎಂಬುದೇ ಮನೆಯವರನ್ನು ಮೋಸಗೊಳಿಸುವುದು.

ಅದಕ್ಕೇ ಪೆಟ್ಟು ಬಿದ್ದವನನ್ನು ಒಬ್ಬನೇ ಮನೆಗೆ ಕಳಿಸಬೇಡಿ, ಬೈಕ್ ಓಡಿಸಗೊಡಬೇಡಿ. ಮೊದಲ 3 ತಾಸು ಕಣ್ಣೆದುರೇ ಇರಲಿ. ರಾತ್ರಿ ಮಲಗಬಾರದು ಎಂಬುದು ಸುಳ್ಳು. ಅಪಾಯದ ಚಿಹ್ನೆ ಇಲ್ಲದವನು ಮಲಗಬಹುದು, ನಿದ್ದೆ ಒಳ್ಳೆಯದೇ. ಆದರೆ ಮೊದಲ ರಾತ್ರಿ ಪಕ್ಕದಲ್ಲಿ ದೊಡ್ಡವರೊಬ್ಬರು ಮಲಗಲಿ, ಎಬ್ಬಿಸಿದರೆ ಏಳುವಂತಿರಲಿ.

ಔಷಧಿ: ತಲೆನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ದೇಹದ ತೂಕದ ಕಿಲೋಗೆ 15 ಮಿ.ಗ್ರಾಂ. ಲೆಕ್ಕ, ಅಂದರೆ 40 ಕಿಲೋ ಹುಡುಗನಿಗೆ ಹೆಚ್ಚೆಂದರೆ 600, ಸುಲಭಕ್ಕೆ 500ರ ಒಂದು ಮಾತ್ರೆ, 6 ತಾಸಿಗೊಮ್ಮೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೊದಲ 48 ತಾಸು ಬೇಡ; ರಕ್ತಸ್ರಾವವಾಗುತ್ತಿದ್ದರೆ ಹೆಚ್ಚಾಗಬಹುದು. ನಮ್ಮ ಕಡೆ ‘ಒಂದು ಸೂಜಿ ಮಾಡಿಸಿಬಿಡ್ರಿ’ ಎನ್ನುವ ರೂಢಿ ಇದೆಯಲ್ಲ, ಆ ಸೂಜಿ ಬಹಳ ಸಲ ಡೈಕ್ಲೊಫೆನಾಕ್ ಆಗಿರುತ್ತದೆ. ತಲೆಗೆ ಪೆಟ್ಟಾಗಿದೆ ಎಂದು ಮೊದಲೇ ಹೇಳಿ. ನಿದ್ದೆ ಮಾತ್ರೆಯೂ ಬೇಡ, ಮಂಪರು ಪೆಟ್ಟಿನದೋ ಮಾತ್ರೆಯದೋ ತಿಳಿಯದಂತಾಗುತ್ತದೆ.

ಎಚ್ಚರ ತಪ್ಪಿ ಬಿದ್ದವನ ಕುತ್ತಿಗೆಗೂ ಪೆಟ್ಟಾಗಿದೆ ಎಂದೇ ಹಿಡಿಯಬೇಕು. ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುವುದು, ನೀರು ಕುಡಿಸುವುದು, ಉಳ್ಳಾಗಡ್ಡಿ ಹಿಡಿಯುವುದು ಯಾವುದೂ ಬೇಡ. ಒಬ್ಬರು ತಲೆಯ ಬದಿ ಮಂಡಿಯೂರಿ ಎರಡೂ ಕೈಯಿಂದ ತಲೆಯನ್ನು ಇದ್ದಂತೆಯೇ ಹಿಡಿಯಲಿ. ವಾಂತಿ ಬಂದರೆ ತಲೆ, ಭುಜ, ಸೊಂಟ ಒಟ್ಟಿಗೆ ತಿರುಗುವಂತೆ ನಾಲ್ವರು ಸೇರಿ ಮಗ್ಗುಲಿಗೆ ಹೊರಳಿಸಿ, ಎಣಿಸುವುದು ತಲೆ ಹಿಡಿದವರು. ಉಸಿರು ನಡೆಯುತ್ತಿದೆಯೇ ಎಂಬುದು ಎಲ್ಲಕ್ಕಿಂತ ಮೊದಲು.

ಕಲಬುರಗಿ ಜಿಮ್ಸ್, ಬೀದರ ಬ್ರಿಮ್ಸ್, ಯಾದಗಿರಿ ಯಿಮ್ಸ್ ಎಲ್ಲಿಗೇ ಹೊರಟರೂ ದಾರಿಯಲ್ಲೇ ಫೋನ್ ಮಾಡಿ ಎರಡು ಮಾತು ಕೇಳಿ: ಈ ಹೊತ್ತಿಗೆ ಸಿಟಿ ನಡೆಯುತ್ತದೆಯೇ, ನ್ಯೂರೋಸರ್ಜನ್ ಸಿಗುತ್ತಾರೆಯೇ? ಅಫಜಲಪುರದವರು ಸೊಲ್ಲಾಪುರಕ್ಕೂ ಬೀದರದವರು ಹೈದರಾಬಾದಿಗೂ ಹೋಗುವುದು ಇದ್ದೇ ಇದೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು ಕಳೆಯುವ ಹೊತ್ತೇ ದುಬಾರಿ. ಜೊತೆಗೆ ಒಂದು ಚೀಟಿ ಕಳಿಸಿ: ಪೆಟ್ಟು ಬಿದ್ದ ಸಮಯ, ಎಲ್ಲಿಗೆ, ಎಚ್ಚರ ತಪ್ಪಿದ್ದು ಎಷ್ಟು ಹೊತ್ತು, ವಾಂತಿ ಎಷ್ಟು ಸಲ, ಐದು ಪ್ರಶ್ನೆಗೆ ಆಗ ಏನು ಹೇಳಿದ, ಅರ್ಧ ತಾಸಿನ ನಂತರ ಏನು ಹೇಳಿದ. ನಮಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಅಂಕಣ_ಅಫಜಲಪುರ

ಡಾಕ್ಟ್ರೇ, ಸೂಜಿ ವಿಷಯ ಯಾರೂ ಹೇಳಿದ್ದಿಲ್ಲ. ದೊಡ್ಡ ಉಪಕಾರ ಆತು. ದಿನದ ಲೆಕ್ಕ ಯಾರಾರ ಹೇಳ್ರಿ. ಜಿಲ್ಲಾ ಪಂದ್ಯ ಹತ್ತು ದಿನಕ್ಕ ಅದ ಅಂದಾಗ ಮನಿಯವ್ರು ‘ಈಗ ಆರಾಮ ಇದ್ದಾನಲ್ರಿ’ ಅಂತ ಕೇಳ್ತಾರ. ಏನು ಉತ್ತರ ಕೊಡೋದು?

ಫಿಸಿಯೋ_ಯಾದಗಿರಿ

ಹತ್ತು ದಿನಕ್ಕೆ ಆಗುವುದಿಲ್ಲ ಎಂಬುದೇ ಉತ್ತರ, ಸರ್. ದೊಡ್ಡವರಲ್ಲಿ ಹೆಚ್ಚಿನವರಿಗೆ ಲಕ್ಷಣಗಳು ಹೋಗಲು 10ರಿಂದ 14 ದಿನ ಹಿಡಿಯುತ್ತದೆ. ನಿಮ್ಮ ಮಕ್ಕಳ ವಯಸ್ಸಿಗೆ 4 ವಾರದ ತನಕ ಹೋದರೂ ಸಹಜವೇ. ಡಾಕ್ಟರ್ ಪಕ್ಕದಲ್ಲಿಲ್ಲದ ಹವ್ಯಾಸಿ ಆಟಕ್ಕೆಂದು ಬ್ರಿಟನ್ 2023ರಲ್ಲಿ ಮಾಡಿದ ನಿಯಮ ನಮಗೆ ಬಹಳ ಹೊಂದುತ್ತದೆ: ಮೈ ತಾಗುವ ತಾಲೀಮಿಗೆ ಮೊದಲು 14 ದಿನ ಯಾವ ಲಕ್ಷಣವೂ ಇರಬಾರದು, ಪಂದ್ಯಕ್ಕೆ 21ನೇ ದಿನದ ಒಳಗೆ ಇಳಿಯುವಂತಿಲ್ಲ. ಮನೆಯವರಿಗೆ ಸುತ್ತಿಬಳಸಿ ಹೇಳಬೇಡಿ, 21 ಎಂಬ ಸಂಖ್ಯೆಯನ್ನೇ ಹೇಳಿ. ಅದೂ ಸೀಸನ್ ಶುರುವಿನ ಸಭೆಯಲ್ಲೇ, ಯಾವ ಹುಡುಗನಿಗೂ ಪೆಟ್ಟು ಬೀಳುವ ಮುಂಚೆ. ಪೆಟ್ಟು ಬಿದ್ದ ಮೇಲೆ ಹೇಳಿದರೆ ನಮ್ಮ ಹುಡುಗನಿಗಷ್ಟೇ ಈ ನಿಯಮವೇ ಎನ್ನುತ್ತಾರೆ.

ಮೊದಲ 24ರಿಂದ 48 ತಾಸು ವಿಶ್ರಾಂತಿ. ವಿಶ್ರಾಂತಿ ಎಂದರೆ ಕತ್ತಲ ಕೋಣೆಯಲ್ಲಿ ಮಲಗಿಸುವುದಲ್ಲ. ಮನೆಯೊಳಗೆ ಓಡಾಡಲಿ, ಅಂಗಳದಲ್ಲಿ ನಡೆಯಲಿ. ಮೊಬೈಲ್ ಮಾತ್ರ ಆ ಎರಡು ದಿನ ಆದಷ್ಟು ದೂರ ಇರಲಿ. ಎರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಸಿದರೆ ಗುಣವಾಗುವುದು ತಡವಾಗುತ್ತದೆ. ಮೊದಲು ಶಾಲೆ, ಆಮೇಲೆ ಆಟ. ಅರ್ಧ ದಿನ ಕ್ಲಾಸು, ಪರೀಕ್ಷೆ ಇದ್ದರೆ ನಡುವೆ ಬಿಡುವು ಕೇಳಿ.

ಆಮೇಲೆ ಮೆಟ್ಟಿಲು ಏರಿದಂತೆ, ಒಂದು ಮೆಟ್ಟಿಲಿಗೆ ಕನಿಷ್ಠ 24 ತಾಸು. ನಡಿಗೆಯಿಂದ ಶುರು. ಮುಂದೆ ಹಗುರ ಜಾಗಿಂಗ್ ಅಥವಾ ಸೈಕಲ್. ಇಲ್ಲಿ ನಾಡಿ ಎಣಿಸಿ: 17 ವರ್ಷದವನಿಗೆ ಗರಿಷ್ಠ ಬಡಿತ ಸುಮಾರು 200 ಎಂದು ಹಿಡಿದರೆ ಅದರ 55% ಎಂದರೆ 110. ಮಣಿಕಟ್ಟಿನಲ್ಲಿ 15 ಸೆಕೆಂಡಿಗೆ 27–28 ಬಡಿತ ದಾಟಬಾರದು. ಅದು ಸಲೀಸಾದರೆ 70%, ಅಂದರೆ 15 ಸೆಕೆಂಡಿಗೆ 35. ಗಡಿಯಾರ ಒಂದಿದ್ದರೆ ಸಾಕು, ಬೇರೆ ಸಾಮಾನು ಬೇಡ. ಮೂರನೆಯದು ಒಬ್ಬನೇ ಮಾಡುವ ಕಬಡ್ಡಿ: ಖಾಲಿ ಅಂಕಣದಲ್ಲಿ ಫುಟ್‌ವರ್ಕ್, ಬೋನಸ್ ಲೈನ್‌ಗೆ ಕಾಲು, ತಿರುಗಿ ಓಡುವುದು. ಎದುರಿಗೆ ಯಾರೂ ಇರಬಾರದು. ಡುಬ್ಕಿ (ಹಿಡಿಯುವವರ ಕೈ ಕೆಳಗೆ ಬಗ್ಗಿ ನುಸುಳುವುದು) ಈಗ ಬೇಡ, ತಲೆ ತಗ್ಗಿಸಿ ಒಮ್ಮೆಲೇ ಎತ್ತುವುದರಿಂದಲೇ ಚಕ್ಕರ್ ಬರುತ್ತದೆ. ಈ ತನಕ ಅಭ್ಯಾಸದ ಹೊತ್ತಿಗೆ ತಲೆನೋವು ತುಸು ಹೆಚ್ಚಾದರೆ ಭಯವಿಲ್ಲ. ಹತ್ತಕ್ಕೆ ಅಂಕ ಹಾಕಿಸಿ. ಶುರುವಿಗಿಂತ 2 ಅಂಕದೊಳಗೆ ಏರಿ ಒಂದು ತಾಸಿನಲ್ಲಿ ಇಳಿದರೆ ಸರಿ. ಅದಕ್ಕಿಂತ ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ, ಮರುದಿನ ಮತ್ತೆ ಅದೇ ಮೆಟ್ಟಿಲು.

ನಾಲ್ಕನೆಯದಕ್ಕೆ ಹೋಗುವ ಮೊದಲು ಡಾಕ್ಟರ್ ನೋಡಿರಬೇಕು, ಲಕ್ಷಣ ಸೊನ್ನೆ ಇರಬೇಕು. ಆಗ ತಂಡದ ಜೊತೆ, ಆದರೆ ಮೈ ತಾಗದಂತೆ: ಚೈನ್ ಕಟ್ಟಿ (ಕೈಗೆ ಕೈ ಹಿಡಿದು) ಹಿಂದೆಮುಂದೆ ಸರಿಯುವುದು, ಪೂರ್ತಿ 30 ಸೆಕೆಂಡ್ ಕಬಡ್ಡಿ ಕಬಡ್ಡಿ ಎನ್ನುತ್ತಾ ರೈಡ್ ಹೋಗಿ ಬರುವುದು. ಉಸಿರು ಬಿಗಿಹಿಡಿದಾಗ ತಲೆ ಸಿಡಿದಂತಾದರೆ ಇನ್ನೂ ಗುಣವಾಗಿಲ್ಲ ಎಂದರ್ಥ. ಐದನೆಯದು ಪೂರ್ತಿ ಹಿಡಿತದ ತಾಲೀಮು, ಆರನೆಯದು ಪಂದ್ಯ. ಈ ಕೊನೆಯ ಮೂರರಲ್ಲಿ ಲಕ್ಷಣ ಮರಳಿದರೆ ಮೂರನೆಯ ಮೆಟ್ಟಿಲಿಗೆ ವಾಪಸ್.

ನಮ್ಮ ಬಿಸಿಲಿನ ಮಾತೂ ಇಲ್ಲಿ ಬರುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರುಗಳು ನಮ್ಮವು. ನೀರು ಕಡಿಮೆಯಾದರೂ ತಲೆನೋವು, ಚಕ್ಕರ್, ವಾಕರಿಕೆ ಬರುತ್ತವೆ. ತಲೆಗೆ ಪೆಟ್ಟು ಬಿದ್ದದ್ದು ಕಂಡಿದ್ದರೆ ಅದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಬೇಡಿ. ಮೆಟ್ಟಿಲು ಏರುವ ಅಭ್ಯಾಸವನ್ನು ಬೆಳಗ್ಗೆ 6ರಿಂದ 8ರೊಳಗೆ ಮುಗಿಸಿ, ಇಲ್ಲವಾದರೆ ಯಾವ ತಲೆನೋವು ಯಾವುದರದು ಎಂಬುದೇ ತಿಳಿಯುವುದಿಲ್ಲ.

ಹಳೇಆಟ_ಭಾಲ್ಕಿ

21 ದಿನ ಜಾಸ್ತಿ ಆತು ಅನಸ್ತದ್ರಿ. ಗರಡಿ ಪೈಲ್ವಾನರು ತಲಿಗಿ ಬಿದ್ರ ಮಣ್ಣು ಝಾಡಿಸಿ ಎದ್ದು ಮತ್ತ ಹಿಡೀತಾರ. ಹಿಂಗ ಮಾಡ್ಕೋತ ಹೋದ್ರ ಹುಡುಗರ ಧೈರ್ಯ ಹೋಗ್ತದಲ್ಲ?

ತುರ್ತುವಿಭಾಗ_ಬೀದರ

ಅಣ್ಣಾ, ಧೈರ್ಯದ ಬಗ್ಗೆ ನಮ್ಮದೇನೂ ತಕರಾರಿಲ್ಲ. ಮಿದುಳಿನ ಶಕ್ತಿಯ ಕೊರತೆ ಇನ್ನೂ ತುಂಬಿಲ್ಲದಾಗ ಎರಡನೆಯ ಪೆಟ್ಟು ಬಿದ್ದರೆ, ಅದು ಸಣ್ಣದೇ ಆಗಿದ್ದರೂ, ಮಿದುಳಿನ ರಕ್ತದ ಒತ್ತಡ ಹಿಡಿತ ತಪ್ಪಿ ನಿಮಿಷಗಳಲ್ಲಿ ಬಾವು ಏರಬಹುದು. 1984ರಲ್ಲಿ ಇದಕ್ಕೆ ‘ಸೆಕೆಂಡ್ ಇಂಪ್ಯಾಕ್ಟ್’ ಎಂಬ ಹೆಸರು ಬಂತು. ಅಪರೂಪ, ಆದರೆ ಕಂಡಿರುವುದು ಹೆಚ್ಚಾಗಿ ಹದಿಹರೆಯದವರಲ್ಲೇ, ಉಳಿದವರು ಕಡಿಮೆ. ಅಷ್ಟು ದೂರ ಹೋಗದಿದ್ದರೂ, ಮಬ್ಬಾದ ಹುಡುಗನ ಪ್ರತಿಕ್ರಿಯೆ ನಿಧಾನವಾಗಿರುತ್ತದೆ. ಮೊಳಕಾಲು ಬರುವುದು ಕಂಡರೂ ತಲೆ ಸರಿಸಲಾರ. ಎರಡನೆಯ ಪೆಟ್ಟು ಅವನಿಗೇ ಬೀಳುವುದು ಅದಕ್ಕೇ.

ವರ್ಷಗಟ್ಟಲೆ ಪೆಟ್ಟು ತಿಂದವರ ಕಥೆ ಬೇರೆ. ಮುಷ್ಟಿಯುದ್ಧದವರಲ್ಲಿ ನಡಿಗೆ, ಮಾತು, ನೆನಪು ಕೆಡುವುದನ್ನು ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯ 1928ರಲ್ಲೇ ಬರೆದಿದ್ದರು. ಒಂದು ಕನ್‌ಕಷನ್ ಸರಿಯಾಗಿ ಗುಣವಾದರೆ ಹಾಗಾಗುತ್ತದೆ ಎಂದು ಹೆದರಬೇಕಿಲ್ಲ. ಲೆಕ್ಕ ಇಡದೆ ಪೆಟ್ಟಿನ ಮೇಲೆ ಪೆಟ್ಟು ಬೀಳಗೊಡುವುದಕ್ಕೆ ಹೆದರಬೇಕು. ಹುಡುಗಿಯರ ತಂಡಕ್ಕೂ ಇದೇ ನಿಯಮ. ಒಂದೇ ಥರದ ಆಟದಲ್ಲಿ ಹುಡುಗಿಯರಿಗೆ ಕನ್‌ಕಷನ್ ಹೆಚ್ಚು ಎಂದು ಫುಟ್ಬಾಲ್‌ನಲ್ಲಿ ಕಂಡಿದೆ.

ಫರಸಿ_ಶಹಾಬಾದ

ಗರಡಿ ಮಾತು ಬಂತಲ್ಲ, ಅಲ್ಲಿಂದೇ ಹಿಡೀತೀನಿ. ಗರಡಿ ಪೈಲ್ವಾನ ಎದ್ದು ಹಿಡೀತಾನ ಅಂದ್ರ ಅಗೆದು ಹದ ಮಾಡಿದ ಮೆತ್ತನ ಮಣ್ಣಿನ ಮ್ಯಾಲ ಬಿದ್ದಿರ್ತಾನ. ಅದನ್ನ ಯಾರೂ ಲೆಕ್ಕಕ್ಕ ತಗೊಳ್ಳಂಗಿಲ್ಲ.

ಸಾದಾ ಲೆಕ್ಕ ಹೇಳ್ತೀನಿ. ತಲಿ ಬಿದ್ದ ಎತ್ತರವನ್ನ, ನೆಲ ಮುಟ್ಟಿದ ಮ್ಯಾಲ ನಿಲ್ಲಲಿಕ್ಕೆ ಸಿಗೋ ದೂರದಿಂದ ಭಾಗಿಸ್ರಿ. ಎಷ್ಟು ಜಿ (ಭೂಮಿ ಸೆಳೆತದ ಎಷ್ಟು ಪಟ್ಟು) ಹೊಡ್ತ ಅಂತ ಅಂದಾಜು ಸಿಗ್ತದ. ಒಂದೂವರಿ ಮೀಟರ್‌ನಿಂದ ಬಿದ್ದ ತಲಿ ಫರಸಿ ಮ್ಯಾಲ 5 ಮಿಲಿಮೀಟರ್‌ನ್ಯಾಗ ನಿಂತ್ರ 300 ಜಿ. ಮೆತ್ತನ ಮಣ್ಣಿನಾಗ 25 ಮಿಲಿಮೀಟರ್ ಹೋಗಿ ನಿಂತ್ರ 60 ಜಿ. ಹುಡುಗ ಅವನೇ, ಬಿದ್ದ ರೀತಿ ಅದೇ, ಹೊಡ್ತ ಐದು ಪಟ್ಟು ಬ್ಯಾರೆ. ತಲಿ ತಿರುಗಿದ ಹೊಡ್ತ ಇದರಾಗ ಬರಂಗಿಲ್ಲ ಖರೆ, ಆದ್ರ ನೆಲ ಏನು ಮಾಡ್ತದ ಅಂತ ತಿಳೀತದ. ಹಿಂಗಾಗಿ ರೊಕ್ಕ ಅಂಕಣಕ್ಕ ಹಾಕ್ರಿ.

ಎರಿ ಮಣ್ಣು ಒಣಗಿದ್ರ ಬಿರೀತದ, ಹೆಂಟಿ ಕಲ್ಲಿನಂಗ ಆಗ್ತಾವ. ಹುಡುಗಿಯರ ಅಂಕಣ 12×8 ಮೀಟರ್, ಸುತ್ತ ಒಂದೊಂದು ಮೀಟರ್ ಬಿಟ್ರ 14×10, ಅಂದ್ರ 140 ಚದರ ಮೀಟರ್. 15 ಸೆಂಟಿಮೀಟರ್ ಆಳ ಅಗೀರಿ, ಹೆಂಟಿ ಒಡೀರಿ, ಹರಳು ಆರಿಸ್ರಿ. ಮ್ಯಾಲ 5 ಸೆಂಟಿಮೀಟರ್ ಸಾಣಿಸಿದ ಕೆಂಪು ಮಣ್ಣು, ಮರಳು, ಕಟ್ಟಿಗಿ ಹೊಟ್ಟು ಬೆರೆಸಿ ಹರಡ್ರಿ. ಅದಕ್ಕ 7 ಘನ ಮೀಟರ್ ಬೇಕು, ಎರಡೂವರಿ ಬ್ರಾಸ್ ಆಗ್ತದ. ಹಿಂದಿನ ದಿನ ಸಂಜಿಗೆ ನೀರು ಚಿಮುಕಿಸ್ರಿ, ಮುಂಜಾನಿ ರೇಕಿನಿಂದ ಕೆದರಿ ಸಮ ಮಾಡ್ರಿ. ಆಟದ ಮುಂಚೆ ನೀರು ಹಾಕಿದ್ರ ಎರಿ ಜಾರ್ತದ, ಜಾರಿದವ ಹಿಂದಲಿಗಿ ತಲಿ ಊರಿ ಬೀಳ್ತಾನ. ವಾರಕ್ಕೊಮ್ಮೆ ಕೆದರದಿದ್ರ ಮತ್ತ ಗಟ್ಟಿ ಆಗ್ತದ.

ನಮ್ಮ ಕಡಿ ಶಾಲಿ ಅಂಗಳಂದ್ರ ಒಂದು ಬದಿಗಿ ಶಹಾಬಾದ ಫರಸಿ ಇದ್ದೇ ಇರ್ತದ. ವರಾಂಡದ ಮೆಟ್ಟಲು, ಧ್ವಜದ ಕಟ್ಟಿ, ನಳದ ಕಟ್ಟಿ. ಗೆರಿ ಹೊರಗ ಎಲ್ಲಾ ಕಡಿ 3 ಮೀಟರ್ ಖಾಲಿ ಬಿಡ್ರಿ. ಲಾಬಿ (ಅಂಕಣದ ಬದಿ ಪಟ್ಟಿ) ಕಡಿ ಡ್ಯಾಶ್ ಹೊಡದ್ರ (ಭುಜ ಕೊಟ್ಟು ದೂಡಿದ್ರ) ರೈಡರ್ ಗೆರಿ ದಾಟಿನೇ ಬೀಳೋದು. ಗೆರಿಗೆ ಫರಸಿ ಪಟ್ಟಿ ಅಥವಾ ಇಟ್ಟಂಗಿ ಹುಗಿಯೋದು ಬ್ಯಾಡೇ ಬ್ಯಾಡ, ಸುಣ್ಣದ ಪುಡಿ ಸಾಕು.

ಮುಂದ ಮ್ಯಾಟ್ ತಗೊಂಡ್ರ ಒಂದು ಮೀಟರ್ ಚೌಕದ, ಹಲ್ಲು ಕೂಡಿಸೋ ತುಂಡು 140 ಬೇಕಾಗ್ತಾವ. ತಗ್ಗು ದಿನ್ನಿ ನೆಲದ ಮ್ಯಾಲ ಹಾಸಿದ್ರ ಹಲ್ಲು ಬಿಚ್ಚಿ ಸಂದಿ ಆಗ್ತದ, ಹೆಬ್ಬೆರಳು ಸಿಕ್ಕೊಂಡು ಮಾರಿ ಕೆಳಗಾಗಿ ಬೀಳ್ತಾರ. ಪಂದ್ಯದ ನಡುವಿನ ವಿರಾಮದಾಗ ಒಬ್ರು ಸಂದಿ ತುಳಕೋತ ಅಡ್ಡಾಡಬೇಕು.

ಸೀಟಿ_ಸೇಡಂ

ಹೆಡ್‌ಗಾರ್ಡ್ ಬಗ್ಗೆ: ಅದು ಚರ್ಮ ಹರಿಯೋದು, ಕಿವಿ ಕೆತ್ತೋದು ತಪ್ಪಸ್ತದ. ಒಳಗಿನ ಮಿದುಳು ಅಲುಗೋದು ತಪ್ಪಸಂಗಿಲ್ಲ. ಗಂಡಸರ ಬಾಕ್ಸಿಂಗ್‌ನ್ಯಾಗ 2013ರಾಗೇ ತೆಗೆದ್ರು, 2016ರ ರಿಯೋ ಒಲಿಂಪಿಕ್ಸ್‌ನ್ಯಾಗ ಗಂಡಸರು ಬರೀ ತಲೀಲೇ ಆಡಿದ್ರು. ಕಬಡ್ಡಿಯಾಗ ಹಾಕ್ಕೊಂಡ್ರ ‘ರಕ್ಷಣಿ ಅದಲ್ಲ’ ಅಂತ ತಲಿ ಮುಂದ ಮಾಡಿ ಹೋಗೋ ಚಾಳಿ ಬೀಳ್ತದ. ಬಿಸಿನೀರಾಗ ಹಾಕಿ ಕಚ್ಚಿ ಕೂಡಿಸೋ ಮೌತ್‌ಗಾರ್ಡ್ ತಗೋರಿ, ಹಲ್ಲು ಉಳೀತಾವ.

ರೊಕ್ಕ ಬೀಳದೆ ಆಗೋ ಕೆಲಸ ಹಿಡಿತ ತಿದ್ದೋದು. ಆಂಕಲ್ ಹೋಲ್ಡಿಗೆ ಹೋಗೋವಾಗ ಹುಡುಗರು ಕೊನೀ ಅಡಿಯಾಗ ಕಣ್ಣು ಕೆಳಗ ಹಾಕ್ತಾರ, ನೆತ್ತಿ ಮುಂದ ಬರ್ತದ, ರೈಡರ್ ಮೊಳಕಾಲು ಎತ್ತಿದ್ರ ನೇರ ತಲಿಗೇ. ಕೈ ಮುಟ್ಟೋ ತನಕ ಗದ್ದ ಮ್ಯಾಲ, ಕಣ್ಣು ರೈಡರ್ ಸೊಂಟದ ಮ್ಯಾಲ. ತಲಿ ಅವನ ಕಾಲಿನ ಹೊರಬದಿಗಿ ಹೋಗಬೇಕು, ಎರಡು ಕಾಲಿನ ನಡುವೂ ಅಲ್ಲ, ಮೊಳಕಾಲಿನ ಮುಂದೂ ಅಲ್ಲ. ಡ್ಯಾಶಿಗೆ ಭುಜ ಪಕ್ಕಿಗೆ, ತಲಿ ಅವನ ಬೆನ್ನಿನ ಕಡಿ. ಎರಡು ಕವರ್ (ಮೂಲಿ ಬಿಟ್ಟು ಒಳಗಡಿ ನಿಂತು ಹಿಡಿಯವ್ರು) ಎದುರುಬದುರಿನಿಂದ ಒಮ್ಮೆಗೇ ಹಾರಿದಾಗ ತಲಿಗೆ ತಲಿ ಡಿಕ್ಕಿ ಆಗ್ತದ. ಮೊದಲು ಹೊಂಟವ ‘ನಂದು’ ಅಂತ ಕೂಗಬೇಕು, ಇನ್ನೊಬ್ಬ ಕೆಳಗ ಹೋಗದೆ ಸೊಂಟಕ್ಕ ಬರಬೇಕು. ಹಿಡಿದ ರೈಡರ್‌ನ್ನ ಎತ್ತಿ ಒಗಿಯೋದು ನಿಲ್ಲಸ್ರಿ. ರೈಡರ್‌ಗೂ ಬೀಳೋದು ಕಲಸ್ರಿ: ಹಿಂದಕ್ಕ ಬೀಳೋವಾಗ ಗದ್ದ ಎದಿಗಿ ಹಚ್ಚಬೇಕು, ಮೊದಲು ಕುಂಡಿ, ಆಮ್ಯಾಲ ಬೆನ್ನು. ಮೊದಲ ವಾರ ಕುಕ್ಕರಗಾಲಿನಿಂದ, ಆಮ್ಯಾಲ ನಿಂತು. ದಿನಾ ಹತ್ತು ಸಲ.

ಫಿಸಿಯೋ_ಯಾದಗಿರಿ

ಕುತ್ತಿಗೆ ವ್ಯಾಯಾಮವನ್ನೂ ಸೇರಿಸಿ. ಅಂಗೈಯನ್ನು ಹಣೆಗೆ ಒತ್ತಿ ತಲೆ ಅಲುಗದಂತೆ ತಡೆದು 10 ಸೆಕೆಂಡ್. ಹಾಗೆಯೇ ಹಿಂದೆ, ಎಡಕ್ಕೆ, ಬಲಕ್ಕೆ. ಒಂದೊಂದು ಕಡೆ 5 ಸಲ, ವಾರಕ್ಕೆ 3 ದಿನ, ವಾರ್ಮ್‌ಅಪ್ ಜೊತೆಗೇ. ರಗ್ಬಿಯಲ್ಲಿ ಇಂಥ ವಾರ್ಮ್‌ಅಪ್ ವಾರಕ್ಕೆ ಮೂರು ಸಲ ಮಾಡಿದ ಶಾಲಾ ತಂಡಗಳಲ್ಲಿ ಕನ್‌ಕಷನ್ ಕಡಿಮೆಯಾಗಿತ್ತು, ಒಂದು ಸಲ ಮಾಡಿ ಬಿಟ್ಟವರಲ್ಲಿ ಅಲ್ಲ.

ಅಂಕಣ_ಅಫಜಲಪುರ

ಎಲ್ರಿಗೂ ಶರಣು. ಕೊನೀದೊಂದು. ಸೆಲೆಕ್ಷನ್ ತಪ್ತದಂತ ಹುಡುಗರು ಮುಚ್ಚಿಡ್ತಾರ. ಅದಕ್ಕೇನು ಮಾಡೋದು?

ತುರ್ತುವಿಭಾಗ_ಬೀದರ

ಪೆಟ್ಟು ಬೀಳುವ ಮೊದಲಿನ ಅಳತೆ ಬರೆದಿಟ್ಟುಕೊಳ್ಳಿ. ಆಗ ‘ನಾನು ಯಾವಾಗಲೂ ಹೀಗೇ’ ಎಂಬ ಮಾತು ನಡೆಯುವುದಿಲ್ಲ. ವೈದ್ಯರಿಗೆಂದು ಇರುವ ಪೂರ್ತಿ ಪರೀಕ್ಷೆ ಸ್ಕ್ಯಾಟ್-6. ಅದರಲ್ಲಿ 22 ಲಕ್ಷಣಗಳಿಗೆ 0ಯಿಂದ 6ರ ತನಕ ಅಂಕ ಹಾಕುತ್ತಾರೆ. ಅದು ನಿಮಗೆ ಬೇಡ. ಆ ಮಾದರಿಯಲ್ಲೇ ನಾಲ್ಕು ಕೆಲಸ ಒಂದು ಚೀಟಿಯಲ್ಲಿ ಬರೆಯಿರಿ. ಸಂಬಂಧವಿಲ್ಲದ ಐದು ಪದ ಹೇಳಿ ತಿರುಗಿ ಹೇಳಿಸಿ, ಉದಾಹರಣೆಗೆ ತೊಗರಿ, ಕೀಲಿ, ಕಂಬಳಿ, ಗಾಳಿ, ನಿಂಬಿ. ಐದು ನಿಮಿಷ ಬಿಟ್ಟು ಮತ್ತೆ ಕೇಳಿ. ಪದಗಳ ಎರಡು ಮೂರು ಬೇರೆ ಪಟ್ಟಿ ಇರಲಿ, ಒಂದೇ ಆದರೆ ಬಾಯಿಪಾಠ ಮಾಡಿಬಿಡುತ್ತಾರೆ. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸಿ, ಸೆಕೆಂಡ್ ಬರೆದುಕೊಳ್ಳಿ. ಬರಿಗಾಲಲ್ಲಿ ಕಣ್ಣು ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು ಒಂಟಿಕಾಲಲ್ಲಿ 20 ಸೆಕೆಂಡ್. ಕಣ್ಣು ತೆರೆದದ್ದು, ಕೈ ಬಿಟ್ಟದ್ದು, ಕಾಲು ಊರಿದ್ದು ಎಷ್ಟು ಸಲ ಎಂದು ಎಣಿಸಿ. 3 ಮೀಟರ್ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹೋಗಿ ಬರಲಿ, ಅದರ ಸೆಕೆಂಡೂ ಬೇಕು. ಪೆಟ್ಟಿನ ನಂತರ ಇವು ಕೆಟ್ಟರೆ ಪುರಾವೆ ಸಿಕ್ಕಿತು. ಕೆಡದಿದ್ದರೆ ಆಡಬಹುದು ಎಂದಲ್ಲ, ಅದನ್ನು ಚೀಟಿಯ ಮೇಲೇ ಬರೆಯಿರಿ.

ಇನ್ನೊಂದು: ಪೆಟ್ಟಿನಿಂದ ಹೊರಗೆ ಕೂತವನ ಹೆಸರು ಪಟ್ಟಿಯಲ್ಲೇ ಇರಲಿ, ತಂಡದ ಜೊತೆ ಊರಿಗೂ ಕರೆದೊಯ್ಯಿರಿ. ಹೇಳಿದರೆ ಜಾಗ ಹೋಗುತ್ತದೆ ಎಂಬ ಭಯ ಇರುವ ತನಕ ಯಾವ ಹುಡುಗನೂ ಹೇಳುವುದಿಲ್ಲ.

ಅಂಕಣ_ಅಫಜಲಪುರ

ಚೀಟಿ ಝೆರಾಕ್ಸ್ ಮಾಡಸ್ತೀವಿ. ಬರೋ ಭಾನುವಾರ ಎರಡೂ ತಂಡದ 24 ಮಂದಿದು ತಾಲೀಮು ಮುಗಿದ ಮ್ಯಾಲ ಬರಕೊಳ್ತೀವ್ರಿ.

ಫಿಸಿಯೋ_ಯಾದಗಿರಿ

ತಾಲೀಮಿನ ಮೊದಲು ಮಾಡಿಸಿ ಸರ್. ದಣಿದ ಕಾಲಲ್ಲಿ ಒಂಟಿಕಾಲಿನ ತಪ್ಪು ಹೆಚ್ಚಾಗುತ್ತವೆ. ಆ ಅಳತೆ ಇಟ್ಟುಕೊಂಡರೆ ಮುಂದೆ ಪೆಟ್ಟು ಬಿದ್ದವನೂ ಸರಿಯಾಗೇ ಇದ್ದಾನೆ ಎಂದು ಕಾಣುತ್ತದೆ.